ಡಿಲೀಟ್ ಆಯ್ತು ಅಂತ ಕೈಚೆಲ್ಲಬೇಡಿ

ಮರಳು ದಂಧೆಯ ಶೂಟ್‌ಗೆ ಹೋದಾಗ ಯಾರೋ ಕ್ಯಾಮೆರಾ ಕಿತ್ತುಕೊಂಡು ವಿಡಿಯೊ ಡಿಲೀಟ್ ಮಾಡುತ್ತಾರೆ. ನಾವು ‘ಎಲ್ಲ ಹೋಯ್ತು ಸರ್’ ಅಂತ ಡೆಸ್ಕಿಗೆ ಫೋನ್ ಮಾಡಿ, ಅದೇ ಕಾರ್ಡು ಹಾಕಿಕೊಂಡು ಸಚಿವರ ಸನ್ಮಾನ ಶೂಟ್ ಮಾಡಲು ಓಡುತ್ತೇವೆ. ಸಾಕ್ಷಿ ನಿಜವಾಗಿ ನಾಶವಾಗುವುದು ಆಗ, ನಮ್ಮ ಕೈಯಲ್ಲೇ.

ಡಿಲೀಟ್ ಒತ್ತಿದರೆ ಕ್ಯಾಮೆರಾ ಆ ಜಾಗ ಖಾಲಿ ಎಂದು ಗುರುತು ಹಾಕಿಕೊಳ್ಳುತ್ತದೆ, ಅಷ್ಟೇ. ಹೊಸದನ್ನು ಅದರ ಮೇಲೆ ಬರೆಯುವವರೆಗೆ ಹಳೆಯ ದೃಶ್ಯ ಅಲ್ಲೇ ಬಿದ್ದಿರುತ್ತದೆ. ಫಾರ್ಮ್ಯಾಟ್ ಮಾಡಿದ್ದರೂ ಎಷ್ಟೋ ಸಲ ಹೀಗೇ. ತಕ್ಷಣ ಕಾರ್ಡು ಹೊರಗೆ ತೆಗೆಯಿರಿ, ಅದರ ಪಕ್ಕದ ಪುಟ್ಟ ಲಾಕ್ ಸರಿಸಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಫೋಟೊರೆಕ್ ಓಡಿಸಿ. ಹೆಸರು ಫೋಟೊ ಅಂತಿದ್ದರೂ ವಿಡಿಯೊವನ್ನೂ ಹುಡುಕುತ್ತದೆ, ಪೂರ್ತಿ ಉಚಿತ. ಸಿಕ್ಕಿದ್ದನ್ನು ಕಂಪ್ಯೂಟರಿನಲ್ಲೇ ಉಳಿಸಿ, ಆ ಕಾರ್ಡಿಗೆ ಮಾತ್ರ ಬೇಡ. ಚದುರಿ ಕೂತ ದೊಡ್ಡ ಫೈಲು ಪೂರ್ತಿ ಬರದೇ ಹೋಗಬಹುದು. ಲಾರಿ ನಂಬರ್ ಕಾಣುವ ಹತ್ತು ಸೆಕೆಂಡು ಸಿಕ್ಕರೆ ಸಾಕಲ್ಲ!

ಡಿಪ್ಲೊಮಾದಲ್ಲಿ ಸುದ್ದಿಯ ವ್ಯಾಖ್ಯಾನ ಬಾಯಿಪಾಠ ಮಾಡಿಸಿದರು, ಇದನ್ನು ಹೇಳಿಕೊಡಲಿಲ್ಲ. ಹೋಗಲಿ. ಲೋಗೊ ಇರುವ ಮೈಕ್ ಕೊಟ್ಟು ‘ಕಾರ್ಡು ನೀನೇ ತಗೋ’ ಎನ್ನುವ ಚಾನೆಲ್‌ಗಳಿಗೆ ಏನೆನ್ನೋಣ? ಜೇಬಿನಲ್ಲಿ ಎರಡನೇ ಕಾರ್ಡು ಇದ್ದರೆ ತಾನೇ ಮೊದಲನೆಯದನ್ನು ಮುಟ್ಟದೆ ಎತ್ತಿಡುವುದು? ‘ಎಕ್ಸ್‌ಕ್ಲೂಸಿವ್ ಎಲ್ಲಿ’ ಅಂತ ಡೆಸ್ಕಿನವರು ಕೇಳಿದಾಗ ಮೊದಲು ಕಾರ್ಡಿನ ಬಿಲ್ ಕಳಿಸಿ.