ಗಿಡದ ಬಗ್ಗೆ ಪೂರ್ತಿ ಹೇಳಿ, ಮನೆ ಬಗ್ಗೆ ಕೈ ಹಿಡಿದು ಹೇಳಿ

ಯಾವುದಾದ್ರೂ ಕೃಷಿ ವಾಟ್ಸ್‌ಆ್ಯಪ್ ಗ್ರೂಪ್ ತೆಗೆದು ನೋಡಿ. ದಿನಕ್ಕೆ ಒಂದಾದ್ರೂ ಇಂಥ ಮೆಸೇಜ್ ಇರುತ್ತೆ. ಒಂದು ಎಲೆಯ ಮಸುಕು ಫೋಟೊ, ಕೆಳಗೆ ‘ಏನ್ ರೋಗ ಸಾರ್, ಏನ್ ಹೊಡೀಬೇಕು?’ ಅಂತ ಪ್ರಶ್ನೆ. ಅದರ ಕೆಳಗೆ ಪೂರ್ತಿ ಹೆಸರು, ತಂದೆ ಹೆಸರು, ಊರು, ಹೋಬಳಿ, ತಾಲ್ಲೂಕು, ಮೊಬೈಲ್ ನಂಬರ್. ಗಿಡಕ್ಕೆ ಎಷ್ಟು ತಿಂಗಳು, ಯಾವ ತಳಿ, ಎಂಥ ಮಣ್ಣು, ನೀರು ಹೇಗೆ ಕೊಡ್ತಿದ್ದಾರೆ, ಹೋದ ವಾರ ಏನು ಸಿಂಪಡಿಸಿದ್ರು, ಇದು ಒಂದೂ ಇರಲ್ಲ.

ತೋಟಗಾರಿಕೆ ಓದಿದವನು ಅಂತ ನನ್ನನ್ನು ಏಳೆಂಟು ಗ್ರೂಪಿಗೆ ಸೇರಿಸಿದ್ದಾರೆ. ದಿನಾ ಓದ್ತಾ ಓದ್ತಾ ನನಗೆ ಅನ್ನಿಸಿದ್ದು ಇಷ್ಟು: ಬೆಳೆ ಬಗ್ಗೆ ಹೇಳಲೇಬೇಕಾದ್ದನ್ನು ನಾವು ಹೇಳಲ್ಲ, ನಮ್ಮ ಬಗ್ಗೆ ಯಾರೂ ಕೇಳದೇ ಇರೋದನ್ನೆಲ್ಲ ಹೇಳಿಬಿಡ್ತೀವಿ. ಇದು ಉಲ್ಟಾ ಆಗಬೇಕು. ಈ ವಾರ ಅದನ್ನೇ ನಿಮ್ಮ ಮುಂದೆ ಇಡ್ತೀನಿ.

ಏಳು ರೂಪಾಯಿಯ ಪಾಠ

ಬೇರೆಯವರಿಗೆ ಬುದ್ಧಿ ಹೇಳೋಕೆ ಮುಂಚೆ ನನ್ನದೇ ಕಥೆ ಕೇಳಿ. ಎರಡು ವರ್ಷದ ಹಿಂದೆ ನಮ್ಮ ಏಲಕ್ಕಿ ಬಾಳೆ ಕಟಾವಿಗೆ ಬಂದಿತ್ತು. ಗ್ರೂಪಲ್ಲಿ ಹೀಗೆ ಬರೆದೆ: ‘ಸುಮಾರು ಒಂದೂವರೆ ಟನ್ ಸಾವಯವ ಏಲಕ್ಕಿ ಬಾಳೆ ಇದೆ. ಶುಕ್ರವಾರದೊಳಗೆ ಕಡಿಯಲೇಬೇಕು. ಮುಂದಿನ ವಾರ ಅಕ್ಕನ ಮಗಳ ಮದುವೆ, ಸೊಸೈಟಿ ಸಾಲದ ಕಂತೂ ಇದೆ. ಒಳ್ಳೆ ವ್ಯಾಪಾರಿ ಇದ್ರೆ ತಿಳಿಸಿ.’

ಮಾರನೇ ದಿನ ಬೆಳಿಗ್ಗೆ ಒಬ್ಬರು ಬಂದ್ರು. ತೋಟ ಸುತ್ತಿದ್ರು, ಗೊನೆ ಮುಟ್ಟಿ ನೋಡಿದ್ರು, ಹಿಂದಿನ ವಾರದ ರೇಟಿಗಿಂತ ಕೆಜಿಗೆ 7 ರೂಪಾಯಿ ಕಡಿಮೆ ಹೇಳಿದ್ರು. ಆಗಲ್ಲ ಅಂದೆ. ನಗ್ತಾ ಅಂದ್ರು, ‘ಮದುವೆ ಕೆಲಸ ಇಟ್ಕೊಂಡು ಎಷ್ಟು ದಿನ ಕಾಯ್ತೀರಿ ಸಾರ್? ಕಂತು ಬೇರೆ ಇದೆ ಅಂತೀರಿ.’ ನನ್ನ ಬಾಯಿ ಕಟ್ಟಿತು. ಅವರು ಹೇಳಿದ ರೇಟಿಗೇ ಕೊಟ್ಟೆ. 1,500 ಕೆಜಿಗೆ 10,500 ರೂಪಾಯಿ ಹೋಯ್ತು.

ಅವರೇನೂ ಮೋಸ ಮಾಡಲಿಲ್ಲ. ಗ್ರೂಪಿನ ಒಬ್ಬ ಸದಸ್ಯ ಓದಿದ್ದನ್ನು ಬಳಸಿಕೊಂಡ್ರು, ಅಷ್ಟೇ. ಚೌಕಾಸಿ ಅಂದ್ರೆ ಯಾರಿಗೆ ಎಷ್ಟು ಅರ್ಜೆಂಟು ಅನ್ನೋ ಲೆಕ್ಕ ತಾನೇ? ನನ್ನ ಅರ್ಜೆಂಟನ್ನು ನಾನೇ ಬರೆದು ಕೊಟ್ಟಿದ್ದೆ. ‘ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು’ ಅಂತ ನಮ್ಮಜ್ಜಿ ಹೇಳ್ತಿದ್ದುದು ಗೊತ್ತಿತ್ತು. ಟೈಪ್ ಮಾಡಿದ್ದೂ ಮಾತೇ ಅನ್ನೋದು ಮಾತ್ರ ಹೊಳೆದಿರಲಿಲ್ಲ.

ಅರಳಿಕಟ್ಟೆಗೂ ಗ್ರೂಪಿಗೂ ಇರೋ ವ್ಯತ್ಯಾಸ

ಅರಳಿಕಟ್ಟೆ ಮೇಲೆ ಕೂತಾಗ ನಾವು ಜಾಣರು. ಹೊಸಬರು ಬಂದ್ರೆ ಮಾತು ಬದಲಾಯಿಸ್ತೀವಿ, ಸಾಲದ ವಿಷಯ ಬಂದ್ರೆ ದನಿ ತಗ್ಗಿಸ್ತೀವಿ. ಗ್ರೂಪಲ್ಲಿ ಎದುರಿಗೆ ಯಾರಿದ್ದಾರೆ ಅಂತ ಕಾಣಲ್ಲ. ಒಂದು ವಾಟ್ಸ್‌ಆ್ಯಪ್ ಗ್ರೂಪಲ್ಲಿ 1,024 ಜನರವರೆಗೆ ಇರಬಹುದು. ಮಾತಾಡೋರು ಮೂವತ್ತು ನಲವತ್ತು ಜನ. ಉಳಿದವರಲ್ಲಿ ರೈತರೂ ಇರ್ತಾರೆ, ಗೊಬ್ಬರದ ಅಂಗಡಿಯವರು, ಮಧ್ಯವರ್ತಿಗಳು, ಲಿಂಕ್ ಒತ್ತಿ ಒಳಗೆ ಬಂದ ಅಪರಿಚಿತರೂ ಇರ್ತಾರೆ. ನಾವು ಬರೆಯೋದು ಆ ನಲವತ್ತು ಜನರನ್ನು ಮನಸ್ಸಲ್ಲಿಟ್ಟು, ಓದೋದು ಸಾವಿರ ಜನ.

ಇನ್ನೊಂದು ವಿಷಯ. ಒಂದೊಂದು ಮಾಹಿತಿಯೂ ಬೇರೆ ಬೇರೆಯಾಗಿ ಸಣ್ಣದೇ. ಜೋಡಿಸಿದಾಗ ತೊಂದರೆ ಶುರುವಾಗುತ್ತೆ. ‘ಸಬ್ಸಿಡಿ ಪಟ್ಟಿಗೆ ಹೆಸರು ಸೇರಿಸ್ತೀವಿ’ ಅಂದ ತಕ್ಷಣ ಗ್ರೂಪಲ್ಲೇ ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಹಣಿ ಫೋಟೊಗಳು ಸಾಲಾಗಿ ಬೀಳ್ತವೆ. ಫ್ರೂಟ್ಸ್‌ನ ಎಫ್‌ಐಡಿ ನಂಬರೂ ಹಾಗೇ. ನಾಳೆ ಯಾರೋ ಫೋನ್ ಮಾಡಿ, ನಿಮ್ಮ ಹೆಸರು, ಸರ್ವೆ ನಂಬರ್, ಎಫ್‌ಐಡಿ, ಖಾತೆಯ ಕೊನೆ ನಾಲ್ಕು ಅಂಕಿ ಎಲ್ಲ ಸರಿಯಾಗಿ ಹೇಳಿ, ‘ಇಲಾಖೆಯಿಂದ ಮಾತಾಡ್ತಿದ್ದೀವಿ, ಓಟಿಪಿ ಹೇಳಿ’ ಅಂದ್ರೆ ನಿಮ್ಮಪ್ಪ ನಂಬದೇ ಇರ್ತಾರಾ? ಪಿಎಂ ಕಿಸಾನ್ ಹೆಸರಲ್ಲಿ ಓಡಾಡೋ ನಕಲಿ ಎಪಿಕೆ ಫೈಲುಗಳು ಇದೇ ನಂಬಿಕೆ ಮೇಲೆ ನಿಂತಿವೆ. 2,000 ರೂಪಾಯಿ ಕಂತು ಬಂದಿಲ್ಲ ಅಂತ ಗ್ರೂಪಲ್ಲಿ ಬರೆದವರಿಗೆ, ಕಂತು ಸರಿಮಾಡ್ತೀವಿ ಅನ್ನೋ ಫೈಲ್ ಕಳಿಸೋದು ಎಷ್ಟು ಸುಲಭ ನೋಡಿ. ಅದನ್ನು ಇನ್‌ಸ್ಟಾಲ್ ಮಾಡಿ, ಕೇಳಿದ್ದಕ್ಕೆಲ್ಲ ಅನುಮತಿ ಒತ್ತಿದ್ರೆ ಫೋನಿಗೆ ಬರೋ ಓಟಿಪಿಯೂ ಅವರ ಕೈಗೆ ಹೋಗಬಹುದು.

ಪಹಣಿ ಹೇಗೂ ಭೂಮಿ ವೆಬ್‌ಸೈಟಲ್ಲಿ ಎಲ್ಲರಿಗೂ ಕಾಣುತ್ತಲ್ಲ, ಮುಚ್ಚಿಡೋದು ಏನಿದೆ ಅಂತ ಕೇಳ್ತಾರೆ. ನಿಜ, ಸರ್ವೆ ನಂಬರ್ ಗೊತ್ತಿದ್ರೆ ಮಾಲೀಕರ ಹೆಸರು, ವಿಸ್ತೀರ್ಣ, ಸಾಲದ ವಿವರ ಸಿಗುತ್ತೆ. ಆದ್ರೆ ಅಲ್ಲಿ ನಿಮ್ಮ ಮೊಬೈಲ್ ನಂಬರ್ ಇಲ್ಲ, ಮುಖ ಇಲ್ಲ, ಈ ವಾರ ನಿಮಗೆ ದುಡ್ಡು ಬೇಕು ಅನ್ನೋ ಸುದ್ದಿ ಇಲ್ಲ. ಅದನ್ನೆಲ್ಲ ಸೇರಿಸಿ ಕೊಡ್ತಿರೋರು ನಾವೇ.

ಬೆರಳಚ್ಚಿನ ಕಥೆಯೂ ನೆನಪಿರಲಿ. ನೋಂದಣಿಯಾದ ಆಸ್ತಿ ಪತ್ರಗಳಲ್ಲಿದ್ದ ಬೆರಳಚ್ಚು, ಆಧಾರ್ ನಂಬರ್ ಎತ್ತಿಕೊಂಡು ಖಾತೆಯಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬೆಳಕಿಗೆ ಬಂದವು. ಕ್ರಯಪತ್ರದ ಪುಟ ಫೋಟೊ ಹೊಡೆದು ‘ಇದು ಸರಿ ಇದೆಯಾ ನೋಡಿ’ ಅಂತ ಗ್ರೂಪಿಗೆ ಹಾಕೋ ಮುಂಚೆ ಇದನ್ನು ಯೋಚಿಸಿ.

ಫೋಟೊ ಹೇಳೋ ಮಾತು

ಇಲಾಖೆ ಕೆಲಸಕ್ಕೆ ಅಂತ ಎಷ್ಟೋ ಜನರ ಫೋನಲ್ಲಿ ಜಿಪಿಎಸ್ ಕ್ಯಾಮೆರಾ ಆ್ಯಪ್ ಇದೆ. ಫೋಟೊ ಮೇಲೇ ಅಕ್ಷಾಂಶ, ರೇಖಾಂಶ, ಊರು, ದಿನಾಂಕ, ಸಮಯ ಅಚ್ಚಾಗುತ್ತೆ. ಆಮೇಲೆ ಅದೇ ಆ್ಯಪಲ್ಲಿ ಶ್ರೀಗಂಧದ ಗಿಡದ ಫೋಟೊ ತೆಗೆದು ‘ಹದಿನಾಲ್ಕು ವರ್ಷದ ಮರ, ಚೇಗು ಬಂದಿದೆಯಾ?’ ಅಂತ ಗ್ರೂಪಿಗೆ ಹಾಕ್ತೀವಿ. ಮರ ಎಲ್ಲಿದೆ ಅಂತ ಕಳ್ಳನಿಗೆ ದಾರಿ ತೋರಿಸಿದ ಹಾಗೇ. 2023ರ ಜುಲೈನಲ್ಲಿ ಟೊಮೆಟೊ ರೇಟ್ ಏರಿದಾಗ ಹಾಸನ ಜಿಲ್ಲೆಯಲ್ಲಿ ಹೊಲದಿಂದಲೇ ಟೊಮೆಟೊ ಕದ್ದ ಸುದ್ದಿ ಬಂದಿತ್ತು. ಟೊಮೆಟೊಗೇ ಹೀಗಾದ್ರೆ ಕಾಳುಮೆಣಸು, ಒಣಗಿಸಿಟ್ಟ ಅಡಿಕೆ, ಗಂಧದ ಮರದ ಗತಿ ಏನು? ಅದರ ಜೊತೆ ‘ಮೂರು ದಿನ ಧರ್ಮಸ್ಥಳಕ್ಕೆ ಹೊರಟಿದ್ದೀವಿ’ ಅಂತ ಸ್ಟೇಟಸ್ ಬೇರೆ.

ಒಬ್ಬ ಅಕ್ಕ ಗ್ರೂಪ್ ಬಿಟ್ಟ ಕಥೆ

ನಮ್ಮ ಒಂದು ಗ್ರೂಪಲ್ಲಿ ಜೀವಾಮೃತ, ಬೀಜೋಪಚಾರದ ಬಗ್ಗೆ ಬಹಳ ಚೆನ್ನಾಗಿ ಹೇಳ್ತಿದ್ದ ಒಬ್ಬ ಅಕ್ಕ ಇದ್ರು. ಇಪ್ಪತ್ತು ವರ್ಷದ ಅನುಭವ. ಯಾರೋ ಅವರ ನಂಬರ್ ಮತ್ತು ಫೋಟೊನ ಇನ್ನೊಂದು ಗ್ರೂಪಿಗೆ ಹಾಕಿದ್ರು, ಒಳ್ಳೆ ಮನಸ್ಸಿಂದಲೇ. ರಾತ್ರಿ ಹತ್ತಕ್ಕೆ, ಹನ್ನೊಂದಕ್ಕೆ ಕಾಲ್ ಬರೋಕೆ ಶುರುವಾಯ್ತು. ಮನೇಲಿ ಜಗಳ ಆಯ್ತು. ಅವರು ಗ್ರೂಪ್ ಬಿಟ್ರು, ಸ್ಮಾರ್ಟ್‌ಫೋನೂ ಮಗನಿಗೆ ಕೊಟ್ಟುಬಿಟ್ರು.

ನನಗೆ 10,500 ನಷ್ಟ ಆದದ್ದಕ್ಕಿಂತ ಇದು ದೊಡ್ಡ ನಷ್ಟ ಅಂತೀನಿ. ಇಂಥವರು ಬಿಟ್ಟು ಹೋದ ಮೇಲೆ ಗ್ರೂಪಲ್ಲಿ ಉಳಿಯೋದು ಔಷಧಿ ಮಾರೋರ ಜಾಹೀರಾತು ಮಾತ್ರ. ಬೇರೆಯವರ ನಂಬರ್, ಫೋಟೊ, ಕಷ್ಟ ಇವೆಲ್ಲ ನಮ್ಮ ಸ್ವತ್ತಲ್ಲ. ಅವರನ್ನು ಕೇಳಿಯೇ ಫಾರ್ವರ್ಡ್ ಮಾಡಬೇಕು.

ಹಾಗಂತ ಬಾಯಿ ಮುಚ್ಚಿ ಕೂರೋದಾ?

ಖಂಡಿತ ಬೇಡ. ನಾನು ಸಾವಯವಕ್ಕೆ ತಿರುಗಿದಾಗ ಮೊದಲ ಎರಡು ವರ್ಷ ಕೈಹಿಡಿದದ್ದು ಬೇರೆ ರೈತರು ಮುಚ್ಚುಮರೆ ಇಲ್ಲದೆ ಹೇಳಿದ ಅನುಭವವೇ. ಇಳುವರಿ ಬಿದ್ದದ್ದು, ಯಾವ ಪ್ರಯೋಗ ಕೈಕೊಟ್ಟಿತು ಅನ್ನೋದು, ಎಲ್ಲ ಹೇಳಿದ್ರು. ಅದು ನಿಲ್ಲಬಾರದು. ನೇರ ಮಾರಾಟ ಮಾಡೋರು ಹೆಸರು, ನಂಬರ್ ಕೊಡಲೇಬೇಕು, ಗ್ರಾಹಕ ನಂಬೋದು ಮುಖ ನೋಡಿಯೇ. ಅಂಥವರು ವ್ಯಾಪಾರಕ್ಕೆ ಬೇರೆ ಸಿಮ್ ಇಟ್ಕೊಳ್ಳಿ, ಅದಕ್ಕೆ ಒಂದು ಸಣ್ಣ ಖಾತೆ ಜೋಡಿಸಿ. ಯುಪಿಐ ಐಡಿಯಲ್ಲೇ ಎಷ್ಟೋ ಸಲ ಮೊಬೈಲ್ ನಂಬರ್ ಇರುತ್ತೆ, ಉಳಿತಾಯದ ಖಾತೆಯ ನಂಬರನ್ನೇ ಊರಿಗೆಲ್ಲ ಹಂಚೋದು ಬೇಡ.

ಸಲಹೆ ಕೇಳುವಾಗ ಹೀಗೆ ಬರೆಯಿರಿ: ಬೆಳೆ, ತಳಿ, ವಯಸ್ಸು, ಮಣ್ಣು, ನೀರು, ಕೊನೆಯ ಸಲ ಕೊಟ್ಟ ಗೊಬ್ಬರ ಮತ್ತು ಔಷಧಿ, ಎಷ್ಟು ಗಿಡಕ್ಕೆ ತೊಂದರೆ, ಎಂದಿನಿಂದ. ಎಲೆಯ ಮೇಲ್ಭಾಗ, ಕೆಳಭಾಗ, ಇಡೀ ಗಿಡ, ಮೂರು ಫೋಟೊ. ಜಾಗಕ್ಕೆ ತಾಲ್ಲೂಕಿನ ಹೆಸರು ಸಾಕು, ಮಳೆ ಮತ್ತು ಹವೆ ಅದರಿಂದಲೇ ಗೊತ್ತಾಗುತ್ತೆ. ಸರ್ವೆ ನಂಬರ್ ಕೇಳಿ ಯಾರೂ ಎಲೆಚುಕ್ಕೆಗೆ ಔಷಧಿ ಹೇಳಲ್ಲ.

ಮಾರುವಾಗ ಬೆಳೆ, ಪ್ರಮಾಣ, ಗುಣಮಟ್ಟ ಹೇಳಿ. ಯಾಕೆ ಅರ್ಜೆಂಟು ಅನ್ನೋದು ಮನೆಯೊಳಗೇ ಇರಲಿ.

ದಾಖಲೆ ಕೊಡಲೇಬೇಕಿದ್ರೆ ಗ್ರೂಪಿಗೆ ಬೇಡ. ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೈಯಾರೆ ಕೊಡಿ. ಮೊದಲ 8 ಅಂಕಿ ಮರೆಯಾಗಿರೋ ಮಾಸ್ಕ್ಡ್ ಆಧಾರ್ ಯುಐಡಿಎಐ ವೆಬ್‌ಸೈಟಲ್ಲಿ ಸಿಗುತ್ತೆ, ಅದು ಸಾಕಾಗೋ ಕಡೆ ಅದನ್ನೇ ಕೊಡಿ. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಡಿ, ಬೇಕಾದಾಗ ತೆರೆಯಬಹುದು. ಹಣ ಹೋದ್ರೆ ನಾಚಿಕೆ ಬಿಟ್ಟು ತಕ್ಷಣ 1930ಕ್ಕೆ ಫೋನ್ ಮಾಡಿ.

ಅಡ್ಮಿನ್‌ಗಳಿಗೂ ಒಂದು ಮಾತು. ಆಧಾರ್, ಪಾಸ್‌ಬುಕ್ ಫೋಟೊ ಬಿದ್ದ ತಕ್ಷಣ ಅಳಿಸಿಹಾಕಿ, ಹಾಕಿದವರಿಗೆ ಬೇರೆಯಾಗಿ ಹೇಳಿ, ಎಲ್ಲರ ಮುಂದೆ ಬೈಬೇಡಿ. ತಡ ಮಾಡಿದ್ರೆ ಅಷ್ಟರಲ್ಲಿ ಅದು ಎಷ್ಟೋ ಜನರ ಗ್ಯಾಲರಿಯಲ್ಲಿ ಕೂತಿರುತ್ತೆ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾಯ್ದೆಯೇನೋ ಬಂತು. ಆದ್ರೆ ನಮ್ಮ ಮಾಹಿತಿಯನ್ನು ನಾವೇ ಸಾರ್ವಜನಿಕವಾಗಿ ಹಾಕಿಕೊಂಡ್ರೆ ಆ ಕಾಯ್ದೆ ಅದಕ್ಕೆ ಅನ್ವಯಿಸಲ್ಲ. ಬೇಲಿ ನಾವೇ ಕಟ್ಟಿಕೊಳ್ಳಬೇಕು.

ಇವತ್ತು ಸಂಜೆ ಕರೆಂಟ್ ಬರೋವರೆಗೆ ಮೋಟರ್ ಮನೆ ಹತ್ತಿರ ಕೂತಾಗ, ನೀವಿರೋ ಗ್ರೂಪುಗಳಲ್ಲಿ ನಿಮ್ಮದೇ ಹೆಸರು, ನಂಬರ್ ಹುಡುಕಿ ನೋಡಿ. ಹಳೇ ಮೆಸೇಜುಗಳಲ್ಲಿ ನಿಮ್ಮ ಬಗ್ಗೆ ಏನೇನು ಬಿದ್ದಿದೆ ಅಂತ ಒಬ್ಬ ವ್ಯಾಪಾರಿಯ ಕಣ್ಣಲ್ಲಿ ಓದಿ. ನಾನು ಹಾಗೆ ಓದಿದ ದಿನವೇ ಬರೆಯೋ ರೀತಿ ಬದಲಾಯಿಸಿದೆ. ಈ ಸಲ ಬಾಳೆ ಕಟಾವಿಗೆ ಬಂದಾಗ ಗ್ರೂಪಲ್ಲಿ ಬರೆದದ್ದು ಒಂದೇ ಸಾಲು: ‘ಏಲಕ್ಕಿ ಬಾಳೆ ಇದೆ, ಬೇಕಾದವರು ಬಂದು ನೋಡಿ.’ ಬಂದವರು ಬಾಳೆ ರೇಟನ್ನೇ ಮಾತಾಡಿದ್ರು.