ಬಿ.ಎ. ಓದುವವನಿಗೆ ವೆಲ್ಡಿಂಗ್ ಏಕೆ?

ಕಳೆದ ಬೇಸಿಗೆಯ ರಜೆಯಲ್ಲಿ ಅಣ್ಣಿಗೇರಿಯ ಒಂದು ವೆಲ್ಡಿಂಗ್ ಅಂಗಡಿಯ ಮುಂದೆ, ಹಳೆಯ ಅಂಬಾಸಿಡರ್ ಕಾರಿನ ಕೆಳಗೆ ತಲೆ ತೂರಿಸಿ ಮಲಗಿದ್ದ ನನ್ನನ್ನು ನಮ್ಮೂರಿನ ಹಿರಿಯರೊಬ್ಬರು ಗುರುತಿಸಿದರು. "ಏನೋ ತಮ್ಮಾ, ಕಾಲೇಜ ಬಿಟ್ಟೇನು?" ಎಂದು ಕೇಳಿದರು. "ಇಲ್ಲ ಕಾಕಾ, ಇನ್ನೂ ಓದಾಕತ್ತೇನಿ" ಎಂದೆ. "ಮತ್ತ ಇದೇನು?" ಎಂದರು. ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ಈ ಲೇಖನವನ್ನೇ ಆ ಉತ್ತರವೆಂದು ವಾಚಕರು ತಿಳಿಯಬೇಕಾಗಿ ವಿನಂತಿ.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ನನ್ನ ತಂದೆ ಈ ಕಾರನ್ನು ಹಳೆಯದನ್ನೇ ಕೊಂಡರು. ಓಣಿಯ ಬಸುರಿಯರು, ಹಾವು ಕಡಿದವರು, ಹುಬ್ಬಳ್ಳಿಯ ಆಸ್ಪತ್ರೆಯವರೆಗಿನ ಸುಮಾರು 35 ಕಿಲೋಮೀಟರ್ ದಾರಿಯನ್ನು ರಾತ್ರಿ ಹೊತ್ತಿನಲ್ಲಿ ಇದರಲ್ಲಿಯೇ ಕ್ರಮಿಸಿದ್ದಾರೆ. ಹೋದ ಶ್ರಾವಣದಲ್ಲಿ ಗದಗಿಗೆ ಹೋಗುವಾಗ ಅವ್ವನ ಒಂದು ಚಪ್ಪಲಿ ಕಾಣೆಯಾಯಿತು. ನೋಡಿದರೆ ಮ್ಯಾಟು ಸರಿದಲ್ಲಿ ತಗಡೇ ಇಲ್ಲ. ಕೆಳಗೆ ರಸ್ತೆ ಓಡುತ್ತಿದೆ! ಅವ್ವ ನಕ್ಕಳು. ತಂದೆ ನಗಲಿಲ್ಲ. ಎರಡು ವರ್ಷಗಳ ಹಿಂದಷ್ಟೇ ಅವರು ಒಂದು ಗ್ಯಾರೇಜಿನಲ್ಲಿ ಹಣ ತೆತ್ತು 'ಜಂಗ ತಗಿಸಿ' ತಂದಿದ್ದರು. ಅಲ್ಲಿ ಮಾಡಿದ್ದೇನೆಂದರೆ, ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ, ತಿಕ್ಕಿ, ಹೊಳೆಯುವ ಬಣ್ಣ ಬಳಿದದ್ದು. ಉಗುರಿನಿಂದ ಕೆದರಿದರೆ ಪುಡಿ ಉದುರಿತು. ಇತ್ತ ನೋಂದಣಿಯ ಅವಧಿಯೂ ಮುಗಿಯುತ್ತ ಬಂದಿತ್ತು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಗಾಡಿ ಸುಸ್ಥಿತಿಯಲ್ಲಿದೆಯೆಂದು ಅಧಿಕಾರಿಗಳು ಪರೀಕ್ಷಿಸಿ ಒಪ್ಪಬೇಕು. ಗುಜರಿಯವನು ಆಗಲೇ ಎರಡು ಸಲ ಮನೆಗೆ ಬಂದು ಹೋಗಿದ್ದ.

ನಮ್ಮ ಕಡೆ ಕಾರಿನ ವೈರಿ ಎರಿ ಮಣ್ಣು. ಮಳೆಗಾಲದಲ್ಲಿ ಅದು ಗಾಡಿಯ ಕೆಳಹೊಟ್ಟೆಗೆ ಹೆಂಟೆ ಹೆಂಟೆಯಾಗಿ ಅಂಟಿಕೊಳ್ಳುತ್ತದೆ. ಮೇಲೆ ಒಣಗಿದರೂ ಒಳಗೆ ದಿನಗಟ್ಟಲೆ ಹಸಿ ಹಿಡಿದಿಡುತ್ತದೆ. ಕಬ್ಬಿಣ, ನೀರು, ಗಾಳಿ ಈ ಮೂರೂ ಕೂಡಿದ ಮೇಲೆ ತುಕ್ಕಿಗೆ ಇನ್ನೇನು ಬೇಕು? ಇನ್ನೊಂದು ಸಂಗತಿಯನ್ನು ನಾನು ಈ ಕೆಲಸದಿಂದಲೇ ತಿಳಿದುಕೊಂಡೆ. ಹಳೆಯ ಜೀಪಿಗೆ ಅಡಿಯಲ್ಲಿ ಪ್ರತ್ಯೇಕ ಚಾಸಿ ಇರುತ್ತದೆ. ಮೇಲಿನ ತಗಡು ಹೋದರೂ ಜೀಪು ನಿಲ್ಲುತ್ತದೆ. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 2014ರವರೆಗೆ ತಯಾರಾದ ಅಂಬಾಸಿಡರ್ ಹಾಗಲ್ಲ. ಅದರ ನೆಲ, ಬಾಗಿಲ ಕೆಳಗಿನ ಉದ್ದನೆಯ ಪೊಳ್ಳು ಭಾಗ (ಅದನ್ನು ಕಾರಿನ ಹೊಸ್ತಿಲೆನ್ನೋಣ), ಕಂಬಗಳು ಎಲ್ಲವೂ ಕೂಡಿಯೇ ಭಾರ ಹೊರುತ್ತವೆ. ಹೊಸ್ತಿಲಿಗೆ ಪುಟ್ಟಿ ಮೆತ್ತುವುದೆಂದರೆ ಮನೆಯ ಗೆದ್ದಲು ಹಿಡಿದ ತೊಲೆಗೆ ಸುಣ್ಣ ಬಳಿದಂತೆಯೇ.

ಅಂಗಡಿಯ ಚಾಚಾ ಮೊದಲ ಎಂಟು ದಿನ ನನ್ನ ಕೈಗೆ ಬೆಂಕಿ ಕೊಡಲಿಲ್ಲ, ಸುತ್ತಿಗೆ ಕೊಟ್ಟರು. "ಬಡದ ಕೇಳು ತಮ್ಮಾ. ಬಣ್ಣ ಕಣ್ಣಿಗೆ ಮೋಸ ಮಾಡತೈತಿ, ಕಿವಿಗೆ ಮಾಡಂಗಿಲ್ಲ" ಎಂದರು. ಗಟ್ಟಿ ತಗಡು ಠಣ್ ಎನ್ನುತ್ತದೆ. ತುಕ್ಕು ತಿಂದದ್ದು ಡಬ್ ಎನ್ನುತ್ತದೆ. ಠಣ್ ಎನ್ನುವವರೆಗೆ ಕತ್ತರಿಸುತ್ತ ಹೋಗಬೇಕು. ಅಂಗೈಯಷ್ಟು ತೂತು ಮೊಳದುದ್ದವಾದಾಗ ನನಗೆ ಅಳುವೇ ಬಂದಿತ್ತು. ಆಮೇಲೆ ಬ್ಯಾಟರಿ ಬಿಚ್ಚಿ, ಸೀಟು, ಡೀಸೆಲ್ ಟ್ಯಾಂಕು ಇಳಿಸಿ, ಒಂದು ಬಕೆಟ್ ಉಸುಕನ್ನು ಪಕ್ಕಕ್ಕಿಟ್ಟುಕೊಂಡು, 20 ಗೇಜಿನ ತಗಡಿನಿಂದ ತೇಪೆ ಕತ್ತರಿಸಿದೆವು. ಅದರ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಕುಂಟಿ, ಟ್ರ್ಯಾಲಿಗಳನ್ನು ಬೆಸೆಯುವ ಕರೆಂಟಿನ ದಪ್ಪ ಕಡ್ಡಿ ಹಿಡಿದರೆ ಇಂಥ ತಗಡು ಕಣ್ಣು ಮಿಟುಕಿಸುವುದರಲ್ಲಿ ತೂತಾಗುತ್ತದೆ. ಆದ್ದರಿಂದ ಗ್ಯಾಸಿನ ಸಣ್ಣ ಜ್ವಾಲೆ. ಅದರ ತುದಿಯ ಶಾಖವೂ ಮೂರು ಸಾವಿರ ಡಿಗ್ರಿ ಮೀರುವಂಥದು. ಉಕ್ಕು ಕರಗಲು ಅದರ ಅರ್ಧ ಸಾಕು. ಹೀಗಾಗಿ ಕೈ ನಿಲ್ಲಲೂಬಾರದು, ಓಡಲೂಬಾರದು. ಇಲ್ಲೊಂದು ಚುಕ್ಕೆ, ಎದುರು ಮೂಲೆಗೊಂದು ಚುಕ್ಕೆ, ಆರಲು ಬಿಟ್ಟು ಮತ್ತೆ ನಡುವೆ ಒಂದು. ಒಂದೇ ಸಮನೆ ಎಳೆದುಕೊಂಡು ಹೋದರೆ ತಗಡು ಹಪ್ಪಳದಂತೆ ಏಳುತ್ತದೆ. ನನ್ನ ಮೊದಲ ಮೂರು ತೇಪೆಗಳು ಹಪ್ಪಳಗಳೇ ಆದವು. ಮಗ್ಗುಲಲ್ಲಿ ನಡೆದಿದ್ದ ಟ್ರ್ಯಾಲಿಯ ಕೆಲಸವನ್ನು ಕಪ್ಪು ಗಾಜಿಲ್ಲದೆ ನೋಡಿದ ರಾತ್ರಿ ಕಣ್ಣಲ್ಲಿ ಉಸುಕು ಹೊಯ್ದಂತಾಗಿ ನಿದ್ದೆಯಿಲ್ಲ. ಅದೂ ಒಂದು ಪಾಠ.

ಆ ರಾತ್ರಿಯೇ ತಂದೆ ಹೇಳಿದರು: "ನನ್ನ ಕೈ ಹಿಂಗಾಗ್ಯಾವು ಅಂತ ನಿನ್ನ ಓದಾಕ ಹಚ್ಚಿದ್ದೆ. ಈಗ ನಿನ್ನ ಕೈನೂ ಹಂಗ ನೋಡಬೇಕೇನು?"

ಈ ಮಾತಿಗೆ ನಾನು ಸುಲಭವಾಗಿ ಎದುರು ಹೇಳಲಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವನು ನಾನೇ ಮೊದಲು. ಕೈಗೆಲಸದ ಮಹಿಮೆಯನ್ನು ವೇದಿಕೆಯ ಮೇಲೆ ಹೊಗಳುವವರಲ್ಲಿ ಹೆಚ್ಚಿನವರು ಅದನ್ನು ಮಾಡದವರು. ಮಾಡಿ ಸವೆದವರು ತಮ್ಮ ಮಕ್ಕಳಿಗೆ ಅದು ಬೇಡವೆನ್ನುತ್ತಾರೆ. ಅವರ ಮಾತಿಗೇ ತೂಕ ಹೆಚ್ಚು. ಹೊಟ್ಟೆಗಾಗಿ ಬೇರೆ ದಾರಿಯಿಲ್ಲದೆ ಮಾಡುವುದಕ್ಕೂ ರಜೆಯಲ್ಲಿ ಕಲಿಯುವುದಕ್ಕೂ ಅಂತರವಿದೆಯೆಂಬುದನ್ನು ನಾನು ಮರೆತಿಲ್ಲ.

ಆದರೂ ನನ್ನ ಅಭಿಪ್ರಾಯವಿಷ್ಟು: ಆ ಗ್ಯಾರೇಜಿನಲ್ಲಿ ನನ್ನ ತಂದೆ ಮೋಸಹೋದದ್ದು ಓದಿಲ್ಲದ್ದರಿಂದಲ್ಲ. ಜೊತೆಯಲ್ಲಿ ಓದಿದ ನಾನೂ ನಿಂತಿದ್ದೆ. ಹೊಳಪು ನೋಡಿ ತಲೆದೂಗಿದೆ. ಈಗ ಯಾವ ಹಳೆಯ ಗಾಡಿ ಕಂಡರೂ ಬೆರಳಿನಿಂದ ತಟ್ಟದೆ ಮುಂದೆ ಹೋಗಲಾರೆ. (ಗೆಳೆಯರು ಇದಕ್ಕಾಗಿ ನಗುತ್ತಾರೆ.) ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯರ ಕಾಯಕದ ಮೇಲೆ ಹತ್ತು ಅಂಕದ ಉತ್ತರ ಬರೆಯುವ ನಾವು, ಕಾಯಕ ಮಾಡುವವನ ಅಂಗಡಿಯ ಮುಂದೆ ಮೂಗು ಮುಚ್ಚಿಕೊಂಡು ಹೋಗುತ್ತೇವೆ. ಕೌಶಲದ ಹೆಸರಿನ ಪತ್ರಿಕೆಗಳನ್ನೂ ನೋಟ್ಸಿನಿಂದಲೇ ಪಾಸು ಮಾಡುತ್ತೇವೆ. ಐ.ಟಿ.ಐ.ಯಲ್ಲಿ ವೆಲ್ಡರ್ ತರಬೇತಿಗೆ ಒಂದು ವರ್ಷ ಬೇಕು. ಅದನ್ನೆಲ್ಲ ಇಲ್ಲಿ ಕಲಿಸಿರೆಂದು ನಾನು ಕೇಳುವುದಿಲ್ಲ. ತಿಂಗಳಿಗೆ ಒಂದು ಶನಿವಾರ ಊರಿನ ಒಬ್ಬ ಕುಶಲಕರ್ಮಿಯನ್ನು ಕರೆಸಿ, ಗುರುಗಳು ಕುಳಿತುಕೊಳ್ಳುವ ಕುರ್ಚಿಯಲ್ಲಿಯೇ ಕೂರಿಸಿ, ಅವರ ಮುಂದೆ ನಾವು ಕೈ ಕೊಳೆಮಾಡಿಕೊಂಡರೆ ಕಾಲೇಜಿಗೆ ಹಾನಿಯೇನು? ಪ್ರಾಚಾರ್ಯರು ವಿಚಾರಿಸಬೇಕು.

ನಾನು ಪ್ರವೀಣನಾಗಿಲ್ಲ. ನೆಲದ ತೇಪೆಗಳು ಮಾತ್ರ ನನ್ನವು. ಭಾರ ಹೊರುವ ಹೊಸ್ತಿಲನ್ನು ಬಾಗಿಲಿನ ಅಳತೆ ತಪ್ಪದಂತೆ ಆನಿಕೆ ಕೊಟ್ಟು ಚಾಚಾ ತಾವೇ ಬೆಸೆದರು. ಬಲಗಡೆ ಮುಗಿದಿದೆ, ಎಡಗಡೆ ಉಳಿದಿದೆ. ಪರೀಕ್ಷೆಯ ನಂತರದ ಭಾನುವಾರ ಕೆಲಸ ಮತ್ತೆ ಆರಂಭ. ಬರಬೇಕೆನ್ನುವ ಗೆಳೆಯರು ಕಪ್ಪು ಕನ್ನಡಕ ತಮ್ಮದೇ ತರಬೇಕು. ನೈಲಾನ್, ಪಾಲಿಯೆಸ್ಟರ್ ಅಂಗಿ ಬೇಡ, ಕಿಡಿ ತಾಗಿದರೆ ಮೈಗೇ ಅಂಟುತ್ತದೆ. ಹಳೆಯ ಅರಿವೆ ಅಂಗಿ ಸಾಕು.