ಕೀಪ್ಯಾಡ್ ಮೊಬೈಲಿಗೂ ಇಂಟರ್ನೆಟ್ ಹಣ!

ಕರಾವಳಿಯ ನಮ್ಮ ಧರ್ಮಕೇಂದ್ರಗಳಲ್ಲಿ ಮಕ್ಕಳು ಗಲ್ಫಿನಲ್ಲೋ ಮುಂಬಯಿಯಲ್ಲೋ ಇದ್ದು, ವಯಸ್ಸಾದ ತಂದೆ ತಾಯಿ ಮಾತ್ರ ಊರಲ್ಲಿ ಉಳಿದ ಮನೆಗಳು ಎಷ್ಟಿವೆ ಎಂಬುದು ವಾಳೆಯ ಗುರಿಕಾರರಿಗೆ ಚೆನ್ನಾಗಿ ಗೊತ್ತು. ಇಂಥ ಎಷ್ಟೋ ಮನೆಗಳಲ್ಲಿ ಇರುವುದು ಗುಂಡಿ ಒತ್ತುವ ಮೊಬೈಲ್. ಮಗನ ಕರೆ ಬರಬೇಕು, ಬ್ಯಾಂಕಿನ ಒಟಿಪಿ ಬರಬೇಕು, ಗ್ಯಾಸ್ ಬುಕ್ ಆಗಬೇಕು. ಅಷ್ಟೇ. ಇಷ್ಟಕ್ಕೆ ತಿಂಗಳಿಗೆ ಎಷ್ಟು ಕೊಡಬೇಕು?

2005ರ ಕೊನೆಗೆ 999 ರೂಪಾಯಿಗೆ 'ಲೈಫ್‌ಟೈಮ್' ಸಿಮ್ ಬಂದಾಗ, ಇನ್ನು ಒಳಬರುವ ಕರೆಗೆ ಚಿಂತೆಯಿಲ್ಲ ಎಂದು ಜನ ನಂಬಿದ್ದರು. ಆ ಜೀವಮಾನ 2018ಕ್ಕೆ ಮುಗಿಯಿತು! ಆ ವರ್ಷದ ಕೊನೆಯಲ್ಲಿ 28 ದಿನಕ್ಕೆ ಕನಿಷ್ಠ 35 ರೂಪಾಯಿ ರೀಚಾರ್ಜ್ ಕಡ್ಡಾಯವಾಯಿತು. ಏರ್‌ಟೆಲ್‌ನಲ್ಲಿ ಈ ಕನಿಷ್ಠ ದರ 2021ರಲ್ಲಿ 79, ಅದೇ ವರ್ಷ ನವೆಂಬರಿನಲ್ಲಿ 99, 2023ರಲ್ಲಿ 155, 2024ರ ಜುಲೈಯಲ್ಲಿ 199 ಆಯಿತು. ಅದೇ ಜುಲೈಯಲ್ಲಿ ಜಿಯೋ ಮತ್ತು ವೊಡಾಫೋನ್ ಐಡಿಯಾ ಕೂಡ ದರ ಏರಿಸಿದವು. 35 ರೂಪಾಯಿಯ ಕಾಲದಲ್ಲಿ ಮಾತಿಗೆ ಪ್ರತ್ಯೇಕ ದರವಿತ್ತು, 199ರಲ್ಲಿ ಎಷ್ಟು ಬೇಕಾದರೂ ಮಾತಾಡಬಹುದು ಎಂಬುದು ನಿಜ. ಆದರೆ ಬಂದ ಕರೆ ಎತ್ತುವುದು ಮಾತ್ರ ಕೆಲಸವಾಗಿರುವ ಅಜ್ಜಿಗೆ ಅದರಿಂದೇನು ಲಾಭ? ಜೊತೆಗೆ ಕೊಟ್ಟ 2 ಜಿಬಿ ಡೇಟಾವನ್ನು ಅವರ ಮೊಬೈಲ್ ಮುಟ್ಟುವುದೇ ಇಲ್ಲ. ಅವಧಿ ಮುಗಿದರೆ ಮೊದಲು ಹೊರಹೋಗುವ ಕರೆ, ಕೆಲವು ದಿನ ಬಿಟ್ಟು ಒಳಬರುವ ಕರೆಯೂ ಬಂದ್.

ಇನ್ನು ಈ 28 ದಿನದ ಲೆಕ್ಕ. ವರ್ಷಕ್ಕೆ ತಿಂಗಳು ಹನ್ನೆರಡು, ರೀಚಾರ್ಜ್ ಮಾತ್ರ ಹದಿಮೂರು. 30 ದಿನದ ಒಂದು ಯೋಜನೆ ಹಾಗೂ ಪ್ರತಿ ತಿಂಗಳು ಅದೇ ತಾರೀಕಿಗೆ ಬರುವ ಇನ್ನೊಂದು ಇರಲೇಬೇಕು ಎಂದು ಟ್ರಾಯ್ 2022ರ ಜನವರಿಯಲ್ಲಿ ಆದೇಶಿಸಿತು. ಕಂಪನಿಗಳು ಅವನ್ನು ತಂದವು, 28 ದಿನದ್ದನ್ನು ಕೈಬಿಡಲಿಲ್ಲ.

ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ರೀಚಾರ್ಜ್ ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ದೊಡ್ಡ ಗೆಲುವು ಎಂದೇ ಅನೇಕರು ಭಾವಿಸಿದರು. ಬಂದದ್ದೇನು? 2025ರ ಜನವರಿಯಲ್ಲಿ ಏರ್‌ಟೆಲ್ 84 ದಿನಕ್ಕೆ 499 ಎಂದು ಪ್ರಕಟಿಸಿತು. ಡೇಟಾ ಸಹಿತ ಅದೇ ಅವಧಿಯ ಯೋಜನೆ ಅದುವರೆಗೆ 509 ಇತ್ತು! ಟೀಕೆ ಬಂದ ಮೇಲೆ 469ಕ್ಕೆ ಇಳಿಸಿದರು. ಜಿಯೋ ಕೂಡ 458ರಿಂದ 448ಕ್ಕೆ ಇಳಿಯಿತು. 469ನ್ನು ಮೂರು ಪಾಲು ಮಾಡಿದರೆ 28 ದಿನಕ್ಕೆ 156 ರೂಪಾಯಿ ಬೀಳುತ್ತದೆ; 199ಕ್ಕಿಂತ ಕಡಿಮೆಯೇ. ಆದರೆ ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ ದಿನ ದೂಡುವವರು 469ನ್ನು ಒಂದೇ ಕಂತಿನಲ್ಲಿ ಎಲ್ಲಿಂದ ತರಬೇಕು? ಕಡಿಮೆ ಅವಧಿಯ ಯೋಜನೆ ನಿಜವಾಗಿ ಬೇಕಿದ್ದುದು ಇವರಿಗೇ. ನಿಯಮದಲ್ಲಿ ಬೆಲೆಯ ಮಿತಿ ಇಲ್ಲದ್ದರಿಂದ ಕಂಪನಿಗಳು ಪಾರಾದವು.

ಟವರು, ತರಂಗಾಂತರ, 5ಜಿ ಎಂದು ಕಂಪನಿಗಳು ಹೇಳುವ ಖರ್ಚು ಸುಳ್ಳಲ್ಲ. ಆದರೆ 5ಜಿಯ ಖರ್ಚನ್ನು 2ಜಿ ಮೊಬೈಲಿನವರ ತಲೆಗೆ ಕಟ್ಟುವುದು ಯಾವ ನ್ಯಾಯ?

ದೂರು ಕೊಡುವವರಿಗೆ ಒಂದು ಮಾತು. ಒಬ್ಬೊಬ್ಬ ಗ್ರಾಹಕನ ದೂರನ್ನು ಟ್ರಾಯ್ ವಿಚಾರಿಸುವುದಿಲ್ಲ. ಕೇಳದೆ ಹಣ ಕಡಿತವಾದರೆ ಮೊದಲು ಕಂಪನಿಗೆ ದೂರಿತ್ತು ಅದರ ಸಂಖ್ಯೆ ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರವಿದೆ. ಮೊಬೈಲ್ ವ್ಯಾಜ್ಯವನ್ನು ಗ್ರಾಹಕ ನ್ಯಾಯಾಲಯಕ್ಕೆ ಒಯ್ಯುವಂತಿಲ್ಲ ಎಂಬ 2009ರ ತೀರ್ಪಿನ ಅಡ್ಡಿಯನ್ನು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ನಿವಾರಿಸಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಡೇಟಾ ಇಲ್ಲದ ಯೋಜನೆಯನ್ನು ಕೇಳದೆ ಅಂಗಡಿಯವರು ಹೇಳುವುದು ಅಪರೂಪ. ಸಂತ ವಿನ್ಸೆಂಟ್ ಪಾವ್ಲ್ ಸಭೆಯವರು ಮನೆ ಭೇಟಿಗೆ ಹೋದಾಗ, ಅಲ್ಲಿನ ಹಿರಿಯರು ಯಾವ ರೀಚಾರ್ಜ್ ಹಾಕಿಸುತ್ತಿದ್ದಾರೆ ಎಂದೂ ಒಮ್ಮೆ ವಿಚಾರಿಸಬಹುದು.